ಮಾರಪ್ಪನ ಮಣೆಯೂ ನನ್ನ ಒಲೆಮೂಲೆಯೂ

ಮನುಷ್ಯ ತನ್ನ ದುರ್ಗುಣಗಳಲ್ಲಿ ಕೆಲವನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. “ನಂಗೆ ಮೂಗಿನ ತುದೀಲೇ ಕೋಪ ನೋಡಿ” ಎಂದು ಮೀಸೆಯ ಮೇಲೆ ಕೈಯಾಡಿಸುವವರನ್ನು ನೋಡಿದ್ದೇನೆ. “ನಾನು ಮಹಾ ಸೋಮಾರಿ ಕಣ್ರೀ” ಎಂದು ದಿಂಬಿಗೆ ಒರಗುವವರೂ ಇದ್ದಾರೆ. ಆದರೆ “ನಾನು ಹೊಟ್ಟೆಕಿಚ್ಚಿನ ಮನುಷ್ಯ” ಎಂದು ಬಾಯಿಬಿಟ್ಟು ಹೇಳಿದವರನ್ನು ಈ ಅರವತ್ತು ದಾಟಿದ ಬದುಕಿನಲ್ಲಿ ನಾನು ಕಂಡಿಲ್ಲ. ಹಾಗಾದರೆ ಊರಲ್ಲಿ ಇಷ್ಟೊಂದು ಹೊಟ್ಟೆಗಳು ಉರಿಯುತ್ತಿರುವುದು ಯಾತಕ್ಕೆ? ಯಾರಾದರೂ ಒಬ್ಬರು ಒಪ್ಪಿಕೊಳ್ಳಬೇಕಲ್ಲ, ನಾನೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಅದೂ ಸಾಮಾನ್ಯದ್ದಲ್ಲ, ಇಟಲಿ ದೇಶದವನೊಬ್ಬನ ಮೇಲೆ, ಅರಿಶಿನಕುಂಟೆಯಲ್ಲಿ ಕೂತು, ಅವನಿಂದಲೇ ಅವನ ಭಾಷೆ ಕಲಿಯುತ್ತಾ ಪಟ್ಟ ಹೊಟ್ಟೆಕಿಚ್ಚು. ಕಲಿತ ಭಾಷೆಯಲ್ಲಿ ಈಗ ನೆನಪಿರುವುದು ನಾಲ್ಕಾರು ಮಾತು. ಹೊಟ್ಟೆಕಿಚ್ಚು ಮಾತ್ರ ಒಂದಕ್ಷರವೂ ಮರೆತಿಲ್ಲ.

ಯುದ್ಧದ ಕಾಲ ಅದು. ನನಗೆ ಇಪ್ಪತ್ತೆರಡು ವರ್ಷ. ಕುಣಿಗಲ್ ಕಡೆಯ ನಮ್ಮ ಹಳ್ಳಿಯಿಂದ ಬಂದು, ನೆಲಮಂಗಲದಲ್ಲಿ ಅರ್ಜಿ ಬರೆಯುವವರೊಬ್ಬರ ಕೈಕೆಳಗೆ ಕೂತು ಊರವರ ಕಷ್ಟಗಳನ್ನೆಲ್ಲ ದುಂಡಗೆ ನಕಲು ಮಾಡುತ್ತಿದ್ದೆ. ಉಳಿದುಕೊಂಡದ್ದು ಅಲ್ಲಿಗೆ ನಡೆದು ಹೋಗುವಷ್ಟು ದೂರದ ಅರಿಶಿನಕುಂಟೆಯಲ್ಲಿ, ಚನ್ನೇಗೌಡರ ಮನೆಯಲ್ಲಿ. ಗೌಡರು ನಮ್ಮ ಅಪ್ಪನಿಗೆ ಎತ್ತಿನ ವ್ಯಾಪಾರದಲ್ಲಿ ಪರಿಚಯವಾದವರು. ಗೌಡರ ಹೆಂಡತಿ ಪುಟ್ಟತಾಯಮ್ಮನನ್ನು ನಾನು ಮೊದಲ ದಿನವೇ ದೊಡ್ಡವ್ವ ಎಂದೆ. “ಯಾವ ಕಡೆಯಿಂದ ದೊಡ್ಡವ್ವ ಆದ್ನೋ ನಾನು?” ಎಂದು ಕೇಳಿದಳು. ಹುಡುಕಿದರೂ ಸಂಬಂಧ ಸಿಗಲಿಲ್ಲ. “ಆಗ್ಲಿ ಬಿಡು, ಕರಿ. ಕರೆದ್ರೆ ನನ್ನ ಗಂಟೇನು ಹೋಗ್ತೈತೆ” ಎಂದವಳು, ಮಾರನೆಯ ಬೆಳಿಗ್ಗೆಯಿಂದ ಬೈಯಲು ಶುರುಮಾಡಿದಳು.

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ಬೈಗುಳ ಮಾತ್ರ ದಂಡಿಯಾಗಿತ್ತು. ಅದನ್ನು ಸುರಿಯಲು ಮನೆಯಲ್ಲಿ ಇದ್ದದ್ದು ಎರಡೇ ಜೀವ, ಕೊಟ್ಟಿಗೆಯ ಎಮ್ಮೆ ಮತ್ತು ನಾನು. ನಮ್ಮಿಬ್ಬರ ನಡುವೆ ಅವಳು ಭೇದ ಎಣಿಸುತ್ತಿರಲಿಲ್ಲ. “ಏ ಮುಂಡೇದೇ, ಕಣ್ಣು ಎಲ್ಲಿಟ್ಕೊಂಡಿದ್ದೀಯಾ?” ಎಂದು ಹಿತ್ತಿಲಿಂದ ಕೂಗು ಕೇಳಿದರೆ ನಾನೂ ಎಮ್ಮೆಯೂ ಒಟ್ಟಿಗೇ ತಲೆಯೆತ್ತುತ್ತಿದ್ದೆವು. ಎಮ್ಮೆ ಹಗ್ಗ ಬಿಚ್ಚಿಕೊಂಡರೆ ನಾನು ಕಟ್ಟಬೇಕು. ಸೀಮೆಎಣ್ಣೆಗೆ ನಾನು ಸರದಿಯಲ್ಲಿ ನಿಲ್ಲಬೇಕು. ಊಟಕ್ಕೆ ನನ್ನ ಜಾಗ ಅಡಿಗೆಮನೆಯ ಒಳಗೆ, ಒಲೆಯ ಪಕ್ಕದ ಮೂಲೆಯಲ್ಲಿ, ಬರೀ ನೆಲದ ಮೇಲೆ. ತಟ್ಟೆ ಅಂಚು ಚಕ್ಕೆಯೆದ್ದ ಪಿಂಗಾಣಿಯದು. ಒಲೆಯ ಹೊಗೆ ನೇರವಾಗಿ ನನ್ನ ಕಣ್ಣಿಗೇ ಬರುತ್ತಿತ್ತು. “ಉಣ್ಣು, ಉಣ್ಣು, ಮಿಕಮಿಕ ನೋಡ್ಬೇಡ. ಉಂಡ್ಮೇಲೆ ಹುಲ್ಲು ಹಾಕು” ಎಂದು ಮುದ್ದೆಯನ್ನು ತಟ್ಟೆಗೆ ಎಸೆದಂತೆ ಹಾಕುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಇದಕ್ಕೆ ಸುಖ ಎನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ಬಂದ ಮಾರಿಯೊ. ಜಾಲಹಳ್ಳಿ ಕಡೆಯ ಶಿಬಿರದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಸಂಗತಿ ನಮ್ಮ ಕಡೆಯವರಿಗೆಲ್ಲ ಗೊತ್ತಿತ್ತು. ಅವರ ದೇಶ ಯುದ್ಧದಿಂದ ಹಿಂದೆ ಸರಿದ ಮೇಲೆ, ತಂಟೆ ಮಾಡದ ಕೆಲವರನ್ನು ಹೊರಗಿನ ಕೆಲಸಕ್ಕೆ ಬಿಡುತ್ತಿದ್ದರು. ಗೌಡರ ತೋಟದ ತರಕಾರಿ ಒಬ್ಬ ಕಂಟ್ರಾಕ್ಟರ ಮೂಲಕ ಆ ಶಿಬಿರಕ್ಕೆ ಹೋಗುತ್ತಿತ್ತು. ಕೈದಿಗಳ ನಾಲಗೆಗೆ ಹಿಡಿಸುವ ಟೊಮೇಟೊ, ಕೋಸು ಬೆಳೆಯುವುದನ್ನು ತೋರಿಸಿಕೊಡಲಿ ಎಂದು ಆ ಕಂಟ್ರಾಕ್ಟರೇ ಓಡಾಡಿ, ಅಪ್ಪಣೆ ಚೀಟಿ ಮಾಡಿಸಿ, ತೋಟಗಾರಿಕೆ ಬಲ್ಲ ಒಬ್ಬ ಕೈದಿಯನ್ನು ಗೌಡರ ಮನೆಗೆ ತಂದು ಬಿಟ್ಟರು. ವಾರಕ್ಕೊಮ್ಮೆ ಶಿಬಿರಕ್ಕೆ ಹೋಗಿ ಮುಖ ತೋರಿಸಿ ಬರಬೇಕು. ಉಳಿದ ದಿನ ಇಲ್ಲೇ ಇರಬಹುದು. ಮೂವತ್ತರ ಆಸುಪಾಸಿನವನು, ಕೆಂಪು ಮುಖ, ಅಗಲ ಕೈ. ಮಾರಿಯೊ ಎಂಬ ಅವನ ಹೆಸರು ಜಗುಲಿ ಹತ್ತುವ ಹೊತ್ತಿಗೆ ಮಾರಪ್ಪ ಆಗಿತ್ತು.

ಪರದೇಶದವನು, ಬೇರೆ ಮತದವನು, ಅವನನ್ನು ಅಡಿಗೆಮನೆಗೆ ಕರೆಯುವ ಮಾತೇ ಇರಲಿಲ್ಲ. ಪಡಸಾಲೆಯಲ್ಲಿ ಅವನಿಗೆ ಮಣೆ ಹಾಕಿದರು. ಯಾವ ಮಣೆ ಅಂತೀರಿ! ಹಲಸಿನ ಮರದ್ದು, ನಾಲ್ಕು ಮೂಲೆಗೂ ಹಿತ್ತಾಳೆ ಹೂವು. ಬೀಗರು ಬಂದಾಗ ಮಾತ್ರ ಅಟ್ಟದಿಂದ ಇಳಿಯುತ್ತಿದ್ದ ಮಣೆ. ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಮುದ್ದೆ, ಎಸೆದದ್ದಲ್ಲ, ಇಟ್ಟದ್ದು. ಮುದ್ದೆಯ ನೆತ್ತಿಯಲ್ಲಿ ಬೆರಳಿನಿಂದ ಕುಳಿ ಮಾಡಿ ತುಪ್ಪ. ಎರಡು ವರ್ಷದಲ್ಲಿ ನನ್ನ ಮುದ್ದೆಗೆ ಅಂಥ ಕುಳಿ ಬಿದ್ದದ್ದು ಯುಗಾದಿಗೆ ಒಂದು ಸಲ, ಜ್ವರ ಬಿಟ್ಟ ಮೇಲೆ ಒಂದು ಸಲ. ಒಲೆಯ ಮೂಲೆಯಲ್ಲಿ ಕೂತು, ಹೊಗೆಯ ನಡುವೆ ಕುತ್ತಿಗೆ ಉದ್ದ ಮಾಡಿ, ಬಾಗಿಲ ಸಂದಿಯಿಂದ ಆ ತುಪ್ಪ ಹರಿಯುವುದನ್ನು ನೋಡಿದೆ. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣದಲ್ಲಿ ಇಟಲಿ ದೇಶದ ಮೇಲೆ ನಾನೊಬ್ಬನೇ ಹೊಸದಾಗಿ ಯುದ್ಧ ಸಾರಿದೆ.

ಅವನು ಮಾಡುವ ತಪ್ಪುಗಳೂ ಅವನಿಗೆ ಲಾಭವೇ ಆಗುತ್ತಿದ್ದವು. ಮೊದಲ ದಿನ ಮುದ್ದೆಯನ್ನು ಅಗಿದ. ನಮ್ಮ ಕಡೆ ಮುದ್ದೆ ಅಗಿಯುವವನನ್ನು ಕಂಡರೆ ಕೂಸುಗಳೂ ನಗುತ್ತವೆ. ಅದನ್ನು ಸಾರಿನಲ್ಲಿ ಹೊರಳಿಸಿ ನುಂಗಬೇಕು. ನಾನೇನಾದರೂ ಅಗಿದಿದ್ದರೆ “ಹಲ್ಲು ಉದುರಿಸ್ತೀನಿ” ಎನ್ನುತ್ತಿದ್ದ ದೊಡ್ಡವ್ವ, “ಪಾಪ, ಯಾವ ದೇಶದ ತಾಯಿ ಹೆತ್ತ ಮಗನೋ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ನಾನಕ್ಕೆ ಅವನಿಗೆ ಕಾಯಿಸಿದ ನೀರು; ನನಗೆ ಬಾವಿ ಕಟ್ಟೆ. ಹಾಲು ಕರೆಯುವಾಗ ನನ್ನನ್ನು ಒದೆಯುತ್ತಿದ್ದ ಎಮ್ಮೆ ಅವನ ಕೈಯನ್ನು ನೆಕ್ಕಿತು. ಎಮ್ಮೆಯಾದರೂ ನನ್ನ ಕಡೆ ಇರುತ್ತದೆ ಎಂದುಕೊಂಡಿದ್ದೆ.

ಹೀಗಿರುವಾಗ ಕಂಟ್ರಾಕ್ಟರು ಒಂದು ಮಾತು ಹೇಳಿದರು. “ಶಿಬಿರದ ಹತ್ರ ತರಕಾರಿ ಡಿಪೋ ಇಡ್ತಾ ಇದ್ದೀನಿ. ಇಟಲಿಯೋರ ಮಾತು ಬರೋ ಒಬ್ಬ ಹುಡುಗ ಬೇಕು. ಇದ್ರೆ ಹೇಳ್ರಪ್ಪಾ.” ನನ್ನ ಕಿವಿ ನೆಟ್ಟಗಾಯಿತು. ಡಿಪೋದಲ್ಲಿ ಕೆಲಸ, ಸಂಬಳ, ಕೋಟು. ಅವೆಲ್ಲ ಸರಿಯೇ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಮಣೆ. ಕೆಲಸವಿದ್ದವನನ್ನು ಎಮ್ಮೆ ಕಟ್ಟಲು ಕಳಿಸುತ್ತಾರೆಯೇ? ಕೋಟು ಹಾಕಿದವನನ್ನು ಹೊಗೆಯಲ್ಲಿ ಕೂರಿಸುತ್ತಾರೆಯೇ? ಮಾರಪ್ಪನ ಭಾಷೆ ಕಲಿತು, ಮಾರಪ್ಪನ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು, ಅವನಿಗಿಂತ ಒಂದು ಚಮಚ ಹೆಚ್ಚು ತುಪ್ಪ ಬಡಿಸಿಕೊಂಡು ಉಣ್ಣುತ್ತೇನೆ ಎಂದು ಪ್ರತಿಜ್ಞೆ ಮಾಡಿದೆ. ಲೋಕದಲ್ಲಿ ಜನ ಏನೇನೋ ಉದ್ದೇಶಕ್ಕೆ ಭಾಷೆ ಕಲಿಯುತ್ತಾರೆ. ನನ್ನದು ಇಷ್ಟೇ.

ಸಂಜೆ ಬಿಸಿಲು ಇಳಿದ ಮೇಲೆ ಜಗುಲಿಯಲ್ಲಿ ಪಾಠ. ಎದುರಿಗೆ ದೂರದಲ್ಲಿ ಶಿವಗಂಗೆ ಬೆಟ್ಟ ಮಸುಕಾಗಿ ಕಾಣುತ್ತಿತ್ತು. ಮಾರಪ್ಪ ಅದನ್ನೇ ನೋಡುತ್ತಾ ಪಾಠ ಹೇಳುತ್ತಿದ್ದ. ಅವನ ಊರಿನ ಎದುರಿಗೂ ಒಂದು ಬೆಟ್ಟವಿತ್ತಂತೆ. ಮೊದಲು ಕಲಿಸಿದ್ದು ಉಣ್ಣುವ ಕ್ರಿಯಾಪದ. “ಇಯೊ ಮಾಂಜೊ”, ನಾನು ಉಣ್ಣುತ್ತೇನೆ. “ತೂ ಮಾಂಜಿ”, ನೀನು ಉಣ್ಣುತ್ತೀಯೆ. “ಲುಯಿ ಮಾಂಜಾ”, ಅವನು ಉಣ್ಣುತ್ತಾನೆ. ಮೊದಲ ಎರಡು ನನ್ನ ಬಾಯಲ್ಲಿ ತೊದಲಿದವು. ಮೂರನೆಯದನ್ನು ಮಾತ್ರ ಒಂದೇ ಸಲಕ್ಕೆ, ಹಲ್ಲು ಕಚ್ಚಿಕೊಂಡು, ಅದ್ಭುತವಾಗಿ ಹೇಳಿದೆ. ಮಾರಪ್ಪ ಭೇಷ್ ಎಂದು ಬೆನ್ನು ತಟ್ಟಿದ. ಇಟಲಿಯವರ ಮಾತು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ಎಂದೂ ಕಲಿಸಿದ. ಐದೂ ಬೆರಳಿನ ತುದಿ ಕೂಡಿಸಿ ಮೇಲೆ ಕೆಳಗೆ ಆಡಿಸಿದರೆ ‘ಏನಯ್ಯಾ ನಿನ್ನ ಸಮಾಚಾರ’ ಎಂದಂತೆ. ಬೆರಳಿನ ಹೊರಭಾಗವನ್ನು ಗದ್ದದ ಕೆಳಗಿನಿಂದ ಮುಂದಕ್ಕೆ ತಳ್ಳಿದರೆ ‘ನನಗೇನು ಲೆಕ್ಕ’ ಎಂದಂತೆ. ನಾನು ಬಾವಿಕಟ್ಟೆಯ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದೆ. “ಏನ್ಲಾ, ಮೈ ಮೇಲೆ ಏನಾದ್ರೂ ಬಂತೇನ್ಲಾ? ಕೊಡ ತುಂಬ್ಸು ಮೊದ್ಲು!” ಎಂದು ದೊಡ್ಡವ್ವ ಒಳಗಿಂದಲೇ ಗದರುತ್ತಿದ್ದಳು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನಮ್ಮ ಕಡೆ ಅವರೆಕಾಯಿ ಬಂತೆಂದರೆ ಮಿಕ್ಕ ಅಡಿಗೆಯೆಲ್ಲ ಬಂದ್. ಅದರಲ್ಲೂ ಹಿತಕಿದ ಬೇಳೆಯ ಸಾರು. ಕಾಳನ್ನು ನೀರಲ್ಲಿ ನೆನೆಸಿ, ಒಂದೊಂದನ್ನೇ ಎರಡು ಬೆರಳಿನ ನಡುವೆ ಹಿಡಿದು ಹಿತಕಬೇಕು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪುಳಕ್ಕನೆ ಬೋಗುಣಿಗೆ ಬೀಳಬೇಕು. ಗಂಟೆಗಟ್ಟಲೆ ಕೆಲಸ. ಒಲೆಯ ಮುಂದೆ ದೊಡ್ಡವ್ವ, ಗೌಡರು, ನಾನು, ಮೂವರೂ ಬೋಗುಣಿಯ ಸುತ್ತ ಕೂತು ಹಿತಕುತ್ತಿದ್ದೆವು. ಯಾರ ಎಮ್ಮೆ ಈದಿತು, ಯಾರ ಸೊಸೆ ಮುನಿಸಿಕೊಂಡಳು, ಊರಿನ ಸಮಾಚಾರವೆಲ್ಲ ಆಗ ಹೊರಬರುತ್ತಿತ್ತು. ನಡುನಡುವೆ ನನಗೆ ಬೈಗುಳ: “ಸಿಪ್ಪೆ ಸಮೇತ ಹಾಕ್ತಾ ಇದ್ದೀಯಲ್ಲೋ ಮುಂಡೇದೇ!” ಮಾರಪ್ಪ ಅಡಿಗೆಮನೆಯ ಹೊಸ್ತಿಲಾಚೆ ನಿಂತು ನೋಡುತ್ತಿದ್ದ. ತಾನೂ ಹಿತಕುತ್ತೇನೆ ಎಂದು ಕೈಸನ್ನೆ ಮಾಡಿದರೆ ದೊಡ್ಡವ್ವ, “ಛೆ ಛೆ, ನಿಮಗ್ಯಾಕಪ್ಪಾ ಕಷ್ಟ, ಕೂತ್ಕಳಿ” ಎಂದು ಪಡಸಾಲೆಗೆ ಅಟ್ಟುತ್ತಿದ್ದಳು. ಹಿತಕಿ ಹಿತಕಿ ಬೆರಳು ಸುಕ್ಕಾಗುವುದು ನನ್ನದು. ಸಾರು ಮೊದಲು ಬೀಳುವುದು ಅವನ ಎಲೆಗೆ. ನೀವೇ ಹೇಳಿ, ಉರಿಯದೆ ಇರುತ್ತದೆಯೇ?

ಒಂದು ಸಂಜೆ ಮಾರಪ್ಪ ಪಾಠವನ್ನು ನಡುವೆಯೇ ಬಿಟ್ಟು ಊರಿನ ಮಾತು ತೆಗೆದ. ಅರ್ಧ ಅವನ ಭಾಷೆಯಲ್ಲಿ, ಅರ್ಧ ಹರುಕು ಕನ್ನಡದಲ್ಲಿ ಹೇಳಿದ. ಅವನ ಊರಲ್ಲಿಯೂ ಮುಸುಕಿನ ಜೋಳದ ಹಿಟ್ಟಿನಲ್ಲಿ ಮುದ್ದೆಯ ತರಹದ್ದೇ ಒಂದನ್ನು ಕೋಲಿನಿಂದ ತೊಳಸಿ ಮಾಡುತ್ತಾರಂತೆ. ಅವನ ತಾಯಿ ಅದೇ ಕೋಲಿನಲ್ಲಿ ಅವನಿಗೆ ಎರಡು ಬಿಗಿಯುತ್ತಿದ್ದಳಂತೆ. “ಇಲ್ಲಿ ಮೂರು ತಿಂಗಳು. ನನಗೆ ಯಾರೂ ಬೈಯಲಿಲ್ಲ. ನಿನಗೆ ದಿನಾ ಬೈತಾರೆ. ನೀನು ಪುಣ್ಯವಂತ” ಎಂದ. ಎಲಾ ಇವನ! ತುಪ್ಪ ತಿನ್ನುವುದೂ ಅಲ್ಲದೆ ನನ್ನ ಗಾಯಕ್ಕೆ ಉಪ್ಪು ಬೇರೆ ಸವರುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಗದ್ದದ ಕೆಳಗಿನಿಂದ ಬೆರಳು ತಳ್ಳಿ, ಅವನೇ ಕಲಿಸಿದ ‘ನನಗೇನು ಲೆಕ್ಕ’ವನ್ನು ಅವನಿಗೇ ತೋರಿಸಿ ಎದ್ದು ಬಂದೆ.

ಮುಂದಿನ ವಾರ ಕಂಟ್ರಾಕ್ಟರು ನನ್ನನ್ನು ಡಿಪೋಗೆ ಕರೆದುಕೊಂಡು ಹೋಗಿ ಇಬ್ಬರು ಕೈದಿಗಳ ಮುಂದೆ ನಿಲ್ಲಿಸಿ, “ಮಾತಾಡಪ್ಪಾ, ನೋಡೋಣ” ಎಂದರು. ಕಲಿತ ಪದಗಳೆಲ್ಲ ನಾನು ಜಾಲಹಳ್ಳಿ ತಲುಪುವ ಮೊದಲೇ ಇಳಿದುಹೋಗಿದ್ದವು. ಕೈ ಮಾತ್ರ ಕೈಬಿಡಲಿಲ್ಲ. ಐದು ಬೆರಳು ಕೂಡಿಸಿ ಆಡಿಸಿದೆ, ಭುಜ ಹಾರಿಸಿದೆ, ಕೊನೆಗೆ “ಲುಯಿ ಮಾಂಜಾ!” ಎಂದು ಕಂಟ್ರಾಕ್ಟರ ಕಡೆ ಬೆರಳು ತೋರಿಸಿ ಗರ್ಜಿಸಿದೆ. ಕಂಟ್ರಾಕ್ಟರು ಒಳ್ಳೆ ದಪ್ಪನೆಯ ಆಸಾಮಿ. ಕೈದಿಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು ನನ್ನನ್ನು ತಬ್ಬಿಕೊಂಡರು. “ಪರ್ವಾಗಿಲ್ಲ, ಚೆನ್ನಾಗೇ ಮಾತಾಡ್ತೀಯ” ಎಂದರು ಕಂಟ್ರಾಕ್ಟರು. ಕೆಲಸ ಸಿಕ್ಕಿಬಿಟ್ಟಿತು. ತಿಂಗಳು ಹುಟ್ಟಿದ ಮೇಲೆ ಬಂದು ಸೇರಿಕೋ, ಅಲ್ಲೇ ಒಂದು ಕೋಣೆಯೂ ಇದೆ ಎಂದರು.

ಅಂದು ಮನೆಗೆ ಬಂದವನು ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ದೊಡ್ಡವ್ವ ಮುದ್ದೆ ತೊಳಸುತ್ತಿದ್ದಳು. “ದೊಡ್ಡವ್ವಾ, ನಂಗೆ ಕೆಲ್ಸ ಆಯ್ತು. ಇನ್ಮೇಲೆ ನಾನು ಒಲೆಮೂಲೇಲಿ ಕೂರಲ್ಲ. ನಂಗೂ ಪಡಸಾಲೇಲಿ ಮಣೆ ಹಾಕ್ಬೇಕು. ಎಮ್ಮೆ ಗಿಮ್ಮೆ ಕಟ್ಟಾಕೆ ನನ್ನ ಕರೀಬಾರ್ದು” ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತು. ಕೋಲು ಬೀಸಿ ಬರುತ್ತಾಳೆಂದು ಒಂದು ಹೆಜ್ಜೆ ಹಿಂದಕ್ಕೂ ಇಟ್ಟಿದ್ದೆ. ಅವಳು ಕೋಲು ಬೀಸಲಿಲ್ಲ. ತೊಳಸುವುದನ್ನು ನಿಲ್ಲಿಸಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. “ಹಂಗೇ ಆಗ್ಲಪ್ಪಾ” ಎಂದಳು. ಅಷ್ಟೇ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಹೊಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ನಾನು ತಿಳಿದುಕೊಂಡೆ.

ಮಣೆ ಬಂತು. ಬಾಳೆ ಎಲೆ ಬಂತು. ಮುದ್ದೆಯ ನೆತ್ತಿಯಲ್ಲಿ ಕುಳಿಯಾಗಿ ತುಪ್ಪವೂ ಹರಿಯಿತು. ಮೊದಲ ದಿನ ಓರೆಗಣ್ಣಿನಿಂದ ಮಾರಪ್ಪನ ಕುಳಿಯನ್ನೂ ನನ್ನ ಕುಳಿಯನ್ನೂ ಅಳೆದು ನೋಡಿದೆ, ನನ್ನದೇ ದೊಡ್ಡದು. ಎರಡನೆಯ ದಿನವೂ ಖುಷಿಯಾಗಿಯೇ ಇದ್ದೆ. ಮೂರನೆಯ ದಿನ ಏನೋ ಒಂದು ಸಪ್ಪೆ ಎನ್ನಿಸಿತು. ಉಪ್ಪು ಕಡಿಮೆಯೇ ಎಂದು ನೋಡಿದೆ, ಉಪ್ಪು ಸರಿಯಾಗಿತ್ತು. ದೊಡ್ಡವ್ವ ಬಡಿಸಿದ ಮೇಲೆ ಬಾಗಿಲ ಪಕ್ಕ ನಿಂತು, “ಇನ್ನೊಂಚೂರು ಹಾಕಿಸ್ಕಳಿ ರಂಗಪ್ಪಾ” ಎನ್ನುತ್ತಿದ್ದಳು. ರಂಗಪ್ಪ! ಎರಡು ವರ್ಷದಿಂದ ನಾನು ಆ ಮನೆಯಲ್ಲಿ ರಂಗ, ಕೋಪ ಬಂದಾಗ ಮುಂಡೇದು. ಈ ರಂಗಪ್ಪ ಯಾರೋ ನನ್ನ ಹಿಂದೆ ಕೂತಿದ್ದಾನೆ ಎಂದು ತಿರುಗಿ ನೋಡುವಂತಾಯಿತು. ಸ್ನಾನಕ್ಕೆ ಬಿಸಿನೀರು ಬಂತು, ಸೀಮೆಎಣ್ಣೆಗೆ ಗೌಡರೇ ಹೋದರು, ಎಮ್ಮೆ ಕಟ್ಟುವುದನ್ನು ಮಾರಪ್ಪ ತಾನಾಗಿಯೇ ವಹಿಸಿಕೊಂಡ. ಊರಿನ ಸಮಾಚಾರ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಒಂದು ದಿನ ನೆಲಮಂಗಲದಿಂದ ಬರುವಾಗ ಬೀದಿಯ ತಿರುವಿಗೇ ದೊಡ್ಡವ್ವನ ಗಂಟಲು ಕೇಳಿಸಿತು. “ಏ ಮುಂಡೇದೇ, ಕಣ್ಣು ಎಲ್ಲಿಟ್ಕೊಂಡಿದ್ದೀಯಾ? ಇಡೀ ಟೊಮೇಟೊ ಮಡಿ ತುಳ್ದು ಹಾಕ್ತಲ್ಲೋ! ಕೈಯಾಗೇನು ಲಕ್ವಾ ಹೊಡ್ದಿತ್ತಾ? ಒಂದು ಗಂಟು ಹಾಕಾಕೆ ಬರಾಕಿಲ್ವಾ?” ನನ್ನನ್ನೇ ಬೈಯುತ್ತಿದ್ದಾಳೆ ಎಂದು ಓಡಿದೆ. ಹಿತ್ತಿಲಲ್ಲಿ ಎಮ್ಮೆ ಆರಾಮವಾಗಿ ಟೊಮೇಟೊ ಗಿಡ ಮೆಲ್ಲುತ್ತಿತ್ತು. ದೊಡ್ಡವ್ವನ ಕೈಯಲ್ಲಿ ಪೊರಕೆ. ಎದುರಿಗೆ ತಲೆ ತಗ್ಗಿಸಿ ನಿಂತಿದ್ದ ಮಾರಪ್ಪನ ಮುಖದಲ್ಲಿ, ದೇವರಾಣೆಗೂ ಹೇಳುತ್ತೇನೆ, ಮದುಮಗನ ಕಳೆ! “ನಡಿ ಒಳಕ್ಕೆ! ಅವ್ರೆಕಾಳು ಅಂಗೇ ಬಿದ್ದೈತೆ, ಕೂತ್ಕೊಂಡು ಹಿತಕು, ಅದೇ ನಿಂಗೆ ಶಿಕ್ಷೆ!” ಎಂದು ದೊಡ್ಡವ್ವ ಅವನನ್ನು ನೂಕಿಕೊಂಡು ಹೋದಳು. ಸಿಟ್ಟಿನ ಭರದಲ್ಲಿ ಅವನು ಅಡಿಗೆಮನೆಯ ಹೊಸ್ತಿಲು ದಾಟಿದ್ದನ್ನು ಅವಳು ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಅವನು ಒಲೆಮೂಲೆಯಲ್ಲಿ, ನನ್ನ ಮೂಲೆಯಲ್ಲಿ, ಕೂತು ಅರ್ಧ ಬೋಗುಣಿ ಹಿತಕಿ ಮುಗಿಸಿದ್ದ. “ಬಂದಿದ್ದು ಬಂದಾಯ್ತು, ಇನ್ನೇನು” ಎಂದರಂತೆ ಗೌಡರು. ಆ ಸಂಜೆ ಪಡಸಾಲೆಯಲ್ಲಿ ಮಣೆ ಒಂದೇ. ಅದರ ಮೇಲೆ ನಾನೊಬ್ಬನೇ. ಒಳಗಿನಿಂದ ಮಾತು, ನಗು, ನಡುವೆ “ಸಿಪ್ಪೆ ಸಮೇತ ಹಾಕ್ತೀಯಲ್ಲೋ!” ಎಂಬ ಗದರಿಕೆ. ನನ್ನ ಪಿಂಗಾಣಿ ತಟ್ಟೆಯ ಸದ್ದೂ ಕೇಳಿಸಿತು. ಮಾರಪ್ಪ ಬಂದ ದಿನ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಇದರ ಮುಂದೆ ಬೀಡಿಯ ಕಿಡಿ.

ಬೆಳಿಗ್ಗೆ ಅವನನ್ನು ಬಾವಿಯ ಹತ್ತಿರ ಹಿಡಿದು ಕೇಳಿದೆ. “ಎಮ್ಮೆ ಹೆಂಗೆ ಬಿಚ್ಕೊಂಡ್ತು?” ಮಾರಪ್ಪ ಸುತ್ತ ನೋಡಿ, ತುಟಿಯ ಮೇಲೆ ಬೆರಳಿಟ್ಟು, “ಬಿಚ್ಚಿಕೊಳ್ಳಲಿಲ್ಲ. ನಾನು ಬಿಚ್ಚಿದೆ” ಎಂದ. ಮೂರು ತಿಂಗಳಿಂದ ನನ್ನನ್ನು ಗಮನಿಸಿ ಕಲಿತದ್ದಂತೆ: ಯಾವುದಕ್ಕೆ ಎಷ್ಟು ಬೈಗುಳ ಬೀಳುತ್ತದೆ, ಯಾವುದಕ್ಕೆ ಪೊರಕೆಯೂ ಬರುತ್ತದೆ. ನಾನು ಅವನಿಂದ ಇಟಾಲಿಯನ್ ಕಲಿಯುತ್ತಿದ್ದೇನೆ ಎಂದುಕೊಂಡಿದ್ದರೆ, ಆಸಾಮಿ ನನ್ನಿಂದ ಇದನ್ನು ಕಲಿಯುತ್ತಿದ್ದ.

ವಿದ್ಯೆ ನನ್ನದು, ನಾನು ಬಿಡುತ್ತೇನೆಯೇ? ಮರುದಿನ ಯಾರೂ ಇಲ್ಲದ ಸಮಯ ನೋಡಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದೆ. ಅದು ಕದಲಲಿಲ್ಲ. ತಳ್ಳಿದೆ, ಬೇಡಿಕೊಂಡೆ. ಕೊನೆಗೆ ಕೋಸಿನ ಎಲೆ ತೋರಿಸುತ್ತಾ ಮಡಿಯವರೆಗೂ ಕರೆದೊಯ್ದು ನಿಲ್ಲಿಸಿ, ದೊಡ್ಡವ್ವ ಬರುವವರೆಗೆ ಹಗ್ಗ ಹಿಡಿದುಕೊಂಡೇ ಕಾದೆ. ನನ್ನ ಮೇಲೆ ಅನುಮಾನ ಬರದೆ ಹೋದರೆ ಕಷ್ಟ. ಅವಳು ಬಂದಳು. ಮಡಿ ನೋಡಿದಳು, ಎಮ್ಮೆ ನೋಡಿದಳು, ನನ್ನನ್ನು ನೋಡಿದಳು. ನಾನು ಕಣ್ಣುಮುಚ್ಚಿ ಬೆನ್ನು ಬಾಗಿಸಿದೆ. “ಪರ್ವಾಗಿಲ್ಲ ಬಿಡಿ ರಂಗಪ್ಪಾ” ಎಂದಳು ದೊಡ್ಡವ್ವ, ಬಲು ಮೆತ್ತಗೆ. “ಮೂಕ್ ಪ್ರಾಣಿ. ಬಟ್ಟೆ ಕೊಳೆ ಆಗ್ತೈತೆ, ನೀವು ಹೋಗಿ ಕೂತ್ಕಳಿ.” ಆಮೇಲೆ ಒಳಕ್ಕೆ ತಿರುಗಿ ಆಕಾಶ ಹರಿಯುವಂತೆ ಕೂಗಿದಳು, “ಲೋ ಮಾರಾ! ಎಲ್ಲಿ ಸತ್ಯೋ ಮುಂಡೇದೇ! ಬಂದು ಎಮ್ಮೆ ಕಟ್ಟು!” ಮಾರಪ್ಪ ಓಡಿ ಬಂದ. ಹಗ್ಗವನ್ನು ಅವನ ಕೈಗೆ ಕೊಟ್ಟು, ಪಡಸಾಲೆಗೆ ಹೋಗಿ ಮಣೆಯ ಮೇಲೆ ಕೂತೆ.

ತಿಂಗಳು ಹುಟ್ಟಿತು. ಟ್ರಂಕು ಹಿಡಿದು ಹೊರಟೆ. ದೊಡ್ಡವ್ವ ನನಗೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ತಾಂಬೂಲ ಕೊಟ್ಟಳು, ಹಣೆಗೆ ಕುಂಕುಮ ಇಟ್ಟಳು; ಬಂದ ನೆಂಟರಿಗೆ ಮಾಡುವ ಮರ್ಯಾದೆಯಲ್ಲಿ ಒಂದನ್ನೂ ಬಿಡಲಿಲ್ಲ. ಕಾಲಿಗೆ ಬಿದ್ದೆ. ಎದ್ದು, ಟ್ರಂಕನ್ನು ಬೇಕೆಂದೇ ಓರೆಯಾಗಿ ಹಿಡಿದುಕೊಂಡೆ. ಏನಾದರೂ ಅನ್ನಲಿ, ಟ್ರಂಕು ಹಿಡಿದ ರೀತಿ ಸರಿಯಿಲ್ಲ ಅನ್ನಲಿ, ತಲೆ ಬಾಚಿಲ್ಲ ಅನ್ನಲಿ. “ಹೋಗ್ಬನ್ನಿ ರಂಗಪ್ಪಾ” ಎಂದಳು. ಮಾರಪ್ಪ ಹಿತಕಿದ ಬೇಳೆಯ ಕೈಯಲ್ಲೇ ಹೊಸ್ತಿಲವರೆಗೆ ಬಂದು ಕೈ ಬೀಸಿದ. ಬೀದಿ ದಾಟಿ, ತುಮಕೂರು ರಸ್ತೆಗೆ ಸೇರುವ ತಿರುವಿಗೆ ಬಂದಿದ್ದೆ. ಅಷ್ಟರಲ್ಲಿ ಹಿಂದಿನಿಂದ ಆ ಗಂಟಲು, ಅದೇ ಹಳೆಯ ಗಂಟಲು:

“ಏ ಮುಂಡೇದೇ! ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯಾ? ನಿಂತ್ಕೋ ಅಲ್ಲೇ!”

ನನ್ನ ಕಣ್ಣು ತುಂಬಿಬಂತು. ಟ್ರಂಕನ್ನು ರಸ್ತೆಗೇ ಎಸೆದು, “ಬಂದೆ ದೊಡ್ಡವ್ವಾ!” ಎಂದು ತಿರುಗಿದೆ. ನನ್ನ ಹಿಂದೆ ನಾಲ್ಕೇ ಮಾರು ದೂರದಲ್ಲಿ, ಹರಿದ ಹಗ್ಗ ಎಳೆದುಕೊಂಡು, ಎಮ್ಮೆ ನಿಂತಿತ್ತು. ದೊಡ್ಡವ್ವ ಪೊರಕೆ ಹಿಡಿದು ಅದರ ಕಡೆಗೆ ಓಡಿ ಬರುತ್ತಿದ್ದಳು. ಮಾರಪ್ಪನ ಮೇಲಿನ ಹೊಟ್ಟೆಕಿಚ್ಚು ಕಾಲ ಕಳೆದಂತೆ ಆರಿತು; ಅವನೂ ಯುದ್ಧ ಮುಗಿದು ಊರಿಗೆ ಹೋದ. ಆ ಎಮ್ಮೆಯ ಮೇಲಿನದು ಇನ್ನೂ ಆರಿಲ್ಲ.